ಚಂದ್ರನ ಗುರುತಿನ ಕೀ ಯಾರ ಮಾತು ಕೇಳುತ್ತದೆ?

ಆನ್‌ಲೈನ್ ಪಾಠ ಮಾಡುವ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. "ಪಾಠದ ಮಧ್ಯೆ ಸುಮ್ನೆ ಆಫ್ ಆಗಿಬಿಡುತ್ತೆ ಸಾರ್, ಬ್ಯಾಟರಿ ಹೋಗಿರಬೇಕು" ಅಂದರು. ಬ್ಯಾಟರಿ ನೋಡಿದೆ, ಚೆನ್ನಾಗಿತ್ತು. ಮಷೀನ್ ಬಿಸಿಯೂ ಆಗುತ್ತಿರಲಿಲ್ಲ. "ಇಲ್ಲೇ ಕೂತು ಪಾಠ ಮಾಡಿ, ನಾನು ನೋಡ್ತೀನಿ" ಅಂದೆ. ಹತ್ತು ನಿಮಿಷವೂ ಆಗಲಿಲ್ಲ. ಸೌಂಡ್ ಕಮ್ಮಿ ಮಾಡಲು ಎಫ್‌ಎನ್ ಕೀ ಹಿಡಿದು ಮೇಲಿನ ಸಾಲಿಗೆ ಬೆರಳು ಹಾಕಿದರು. ಬೆರಳು ಒಂದು ಕೀ ಪಕ್ಕಕ್ಕೆ ಬಿತ್ತು. ಸ್ಕ್ರೀನ್ ಕಪ್ಪಾಯಿತು. ಆ ಕೀ ಮೇಲೆ ಪುಟ್ಟ ಚಂದ್ರನ ಚಿತ್ರ ಇತ್ತು.

ಅದೇ ಸ್ಲೀಪ್ ಕೀ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಂದ್ರ, ಕೆಲವದರಲ್ಲಿ "ಝಡ್ ಝಡ್", ಇನ್ನು ಕೆಲವದರಲ್ಲಿ ಯಾವ ಗುರುತೂ ಇಲ್ಲದೆ ಎಫ್‌ಎನ್ ಜೊತೆ ಒತ್ತುವ ಯಾವುದೋ ಒಂದು ಕೀ. ಇದನ್ನು ಸೌಂಡ್ ಮತ್ತು ಬ್ರೈಟ್‌ನೆಸ್ ಕೀಗಳ ಪಕ್ಕದಲ್ಲೇ ಇಡುವ ಐಡಿಯಾ ಯಾರಿಗೆ ಬಂತೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಒಂದು ವಿಷಯ ಮೊದಲು ತಿಳಿದಿರಬೇಕು. ಈ ಕೀ ತಾನಾಗಿ ಲ್ಯಾಪ್‌ಟಾಪನ್ನು ಮಲಗಿಸುವುದಿಲ್ಲ. ಅದು ಬಾಗಿಲ ಬೆಲ್ ಇದ್ದ ಹಾಗೆ. "ಸ್ಲೀಪ್ ಬಟನ್ ಒತ್ತಿದ್ದಾರೆ" ಎಂದು ಸದ್ದು ಮಾಡುತ್ತದೆ, ಅಷ್ಟೇ. ಆಮೇಲೆ ಏನು ಮಾಡಬೇಕು ಅನ್ನುವುದು ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟಿದ್ದು. 1996ರಲ್ಲಿ ಬಂದ ಎಸಿಪಿಐ ಅನ್ನುವ ಮಾನದಂಡ ಕೆಲಸವನ್ನು ಹೀಗೆ ಹಂಚಿಕೊಟ್ಟಿತು. ಅದರಿಂದಲೇ ನಾವು ಸೆಟ್ಟಿಂಗ್ಸ್‌ಗೆ ಹೋಗಿ ಈ ಕೀ ಕೆಲಸವನ್ನು ಬದಲಾಯಿಸಲು ಆಗುತ್ತದೆ.

ಮೇಷ್ಟ್ರ ಮಷೀನ್‌ನಲ್ಲಿ ವಿಂಡೋಸ್ ಇತ್ತು. ಬದಲಾಯಿಸುವ ಮೊದಲು, ಮಷೀನ್‌ನಲ್ಲಿ ನಡೆದಿದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್ ಪವರ್ ಹೆಸರಿನ 42ನೇ ನಂಬರಿನ ದಾಖಲೆಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರಲ್ಲೂ ಕಾರಣದ ಜಾಗದಲ್ಲಿ "ಬಟನ್ ಆರ್ ಲಿಡ್" ಎಂದಿತ್ತು. ಅಂದರೆ ಬಟನ್ ಒತ್ತಿದ್ದಾರೆ, ಇಲ್ಲವೇ ಮುಚ್ಚಳ ಹಾಕಿದ್ದಾರೆ. ಪಾಠದ ಮಧ್ಯೆ ಯಾರೂ ಮುಚ್ಚಳ ಹಾಕಲ್ಲ, ಅಲ್ವಾ? ಹೊಸ ಬ್ಯಾಟರಿಯ ದುಡ್ಡು ಉಳಿಯಿತು.

ಬದಲಾಯಿಸುವುದು ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದರೆ, ಎಡಗಡೆ ಪವರ್ ಬಟನ್‌ಗಳು ಏನು ಮಾಡಬೇಕು ಎಂದು ಆರಿಸುವ ಲಿಂಕ್ ಇರುತ್ತದೆ. ಅಲ್ಲಿ ಪವರ್ ಬಟನ್, ಸ್ಲೀಪ್ ಬಟನ್, ಮುಚ್ಚಳ ಮೂರಕ್ಕೂ ಬೇರೆ ಬೇರೆ ಸಾಲು. ಪ್ರತಿ ಸಾಲಿನಲ್ಲೂ ಎರಡು ಖಾನೆ: ಬ್ಯಾಟರಿಯಲ್ಲಿದ್ದಾಗ, ಚಾರ್ಜರ್ ಹಾಕಿದ್ದಾಗ. ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ. ಒಂದು ಖಾನೆ ಬದಲಾಯಿಸಿ ಎದ್ದುಬಿಡುತ್ತಾರೆ. ಮನೆಯಲ್ಲಿ ಚಾರ್ಜರ್ ಹಾಕಿದಾಗ ಸರಿ ಇರುತ್ತದೆ, ಹೊರಗೆ ಹೋದಾಗ ಮತ್ತೆ ಹಳೇ ಕಥೆ. ಮೇಷ್ಟ್ರಿಗೆ ಎರಡರಲ್ಲೂ "ಡು ನಥಿಂಗ್" ಹಾಕಿ, ಕೆಳಗಿರುವ ಸೇವ್ ಬಟನ್ ಒತ್ತಿದೆ. ಈ ಸೇವ್ ಮರೆಯುವವರೂ ಕಮ್ಮಿ ಇಲ್ಲ.

ಎಲ್ಲರಿಗೂ "ಏನೂ ಮಾಡಬೇಡ" ಅನ್ನುವುದೇ ಮದ್ದಲ್ಲ. ಸ್ಲೀಪ್‌ನಲ್ಲಿ ತೆರೆದ ಕೆಲಸವೆಲ್ಲ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ್‍ಯಾಮ್‌ನಲ್ಲೇ ಇರುತ್ತದೆ. ಬೇಗ ಏಳುತ್ತದೆ, ಆದರೆ ಬ್ಯಾಟರಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ಪೂರ್ತಿ ಖಾಲಿಯಾದರೆ ಸೇವ್ ಮಾಡದ ಕೆಲಸ ಹೋಯಿತು. ಹೈಬರ್ನೇಟ್ ಹಾಗಲ್ಲ. ಎಲ್ಲವನ್ನೂ ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುತ್ತದೆ. ಏಳುವುದು ನಿಧಾನ, ಆದರೆ ಕೆಲಸ ಭದ್ರ. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವವರಿಗೆ ನಾನು ಬ್ಯಾಟರಿ ಖಾನೆಯಲ್ಲಿ ಹೈಬರ್ನೇಟ್ ಹಾಕಿಕೊಡುತ್ತೇನೆ. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಅದನ್ನು ಆಫ್ ಮಾಡಿಟ್ಟಿರಬಹುದು, ಇಲ್ಲವೇ ಮಷೀನ್‌ಗೆ ಅದು ಬರದೇ ಇರಬಹುದು. ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಾದರೆ ಸಾಕಷ್ಟು ಸ್ವಾಪ್ ಜಾಗ ಬೇಕು, ಅಂದರೆ ಮೆಮೊರಿಯಲ್ಲಿರುವುದನ್ನು ಇಳಿಸಿಡಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಜಾಗ. ಮಷೀನ್ ಶುರುವಾಗುವಾಗ ನಂಬಿಕೆಯ ಸಾಫ್ಟ್‌ವೇರ್‌ಗೆ ಮಾತ್ರ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಎಷ್ಟೋ ಕಡೆ ಹೈಬರ್ನೇಟ್‌ಗೆ ಬಿಡುವುದೇ ಇಲ್ಲ.

ಲಿನಕ್ಸ್ ಮಾತು ಬಂತಲ್ಲ, ಅಲ್ಲಿ ವಿಷಯ ಸ್ವಲ್ಪ ಗೋಜಲು. ಅಲ್ಲಿ ಡೆಸ್ಕ್‌ಟಾಪ್ ಅಂದರೆ ಸ್ಕ್ರೀನ್ ಮೇಲೆ ಮೆನು, ಕಿಟಕಿಗಳನ್ನು ತೋರಿಸುವ ಸಾಫ್ಟ್‌ವೇರ್. ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಗ್ನೋಮ್ ಹೀಗೆ ಹಲವು ಇವೆ, ಒಂದೊಂದರಲ್ಲಿ ಈ ಸೆಟ್ಟಿಂಗ್ ಒಂದೊಂದು ಕಡೆ. ಎಕ್ಸ್‌ಎಫ್‌ಸಿಇ ಬಳಸುವವರ ಪಾಡು ಸುಲಭ. ಪವರ್ ಮ್ಯಾನೇಜರ್ ತೆರೆದರೆ ಮೊದಲ ಪುಟದಲ್ಲೇ ಸ್ಲೀಪ್ ಬಟನ್‌ಗೆ ಅಂತ ಒಂದು ಸಾಲು ಇದೆ. ಸಸ್ಪೆಂಡ್ (ಸ್ಲೀಪ್‌ಗೆ ಇಲ್ಲಿನ ಹೆಸರು), ಹೈಬರ್ನೇಟ್ ಮಾತ್ರವಲ್ಲ, "ನನ್ನನ್ನು ಕೇಳು" ಅನ್ನುವ ಆಯ್ಕೆಯೂ ಉಂಟು. ಬೆರಳು ಜಾರುವವರಿಗೆ ಅದೇ ಒಳ್ಳೆಯದು. ಕೆಡಿಇ ಪ್ಲಾಸ್ಮಾದಲ್ಲಿ ಪವರ್ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅಲ್ಲಿ ಅದು ಕೂತಿರುವುದು ಶಾರ್ಟ್‌ಕಟ್ಸ್ ಪುಟದಲ್ಲಿ, ಪವರ್ ಮ್ಯಾನೇಜ್‌ಮೆಂಟ್ ಹೆಸರಿನ ಕೆಳಗೆ. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪವರ್ ಬಟನ್‌ಗೆ ಮಾತ್ರ ಸಾಲು ಸಿಗುತ್ತದೆ.

ನನ್ನದೇ ಒಂದು ಹಳೇ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಎಕ್ಸ್‌ಎಫ್‌ಸಿಇ. ಒಂದು ದಿನ ವಿಚಿತ್ರ ಕಾಟ ಶುರುವಾಯಿತು. ಚಂದ್ರನ ಕೀ ಒತ್ತಿದರೆ ಮಲಗುತ್ತಿತ್ತು. ಎಬ್ಬಿಸಿದರೆ ಎರಡು ಸೆಕೆಂಡ್ ಎದ್ದು ಮತ್ತೆ ಮಲಗುತ್ತಿತ್ತು. ಇನ್ನೊಮ್ಮೆ ಎಬ್ಬಿಸಿದರೆ ಸರಿ. ಡ್ರೈವರ್ ಮೇಲೆ ಅನುಮಾನಪಟ್ಟು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡೆ. ಆಮೇಲೆ ಹೊಳೆಯಿತು: ಬೆಲ್ ಒಂದೇ, ಬಾಗಿಲು ತೆಗೆಯಲು ಇಬ್ಬರು ಓಡುತ್ತಿದ್ದಾರೆ. ಲಿನಕ್ಸ್‌ನ ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಇದೆಯಲ್ಲ, ಅದರ ಭಾಗವಾಗಿ ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿ ಕೂಡ ಸ್ಲೀಪ್ ಕೀಯನ್ನು ಕೇಳಿಸಿಕೊಳ್ಳುತ್ತದೆ, ಬೇರೆ ಏನೂ ಹೇಳದಿದ್ದರೆ ಸಸ್ಪೆಂಡ್ ಮಾಡುತ್ತದೆ. ಪವರ್ ಮ್ಯಾನೇಜರ್ "ಇದನ್ನು ನಾನು ನೋಡ್ಕೋತೀನಿ" ಎಂದು ಅದನ್ನು ತಡೆದಿಡಬೇಕು. ನನ್ನ ಮಷೀನ್‌ನಲ್ಲಿ ಆ ತಡೆ ಬಿದ್ದಿರಲಿಲ್ಲ. ಹಾಗಾಗಿ ಒಂದೇ ಒತ್ತಿಗೆ ಎರಡು ನಿದ್ದೆ.

ಪರಿಹಾರ ಒಂದೇ ಸಾಲಿನದು. ಲಾಗಿನ್‌ಡಿಯ ಸೆಟ್ಟಿಂಗ್ಸ್ ಬರೆದಿರುವ ಕಾನ್ಫಿಗರೇಶನ್ ಫೈಲ್‌ನಲ್ಲಿ ಹ್ಯಾಂಡಲ್, ಸಸ್ಪೆಂಡ್, ಕೀ ಮೂರನ್ನೂ ಕೂಡಿಸಿ ಬರೆದ ಒಂದು ಸಾಲು ಇರುತ್ತದೆ. ಅದರ ಮುಂದಿನ ಹ್ಯಾಶ್ ಗುರುತು ತೆಗೆದು, ಸಮ ಚಿಹ್ನೆಯ ಆಚೆ ಇರುವ ಪದವನ್ನು "ಇಗ್ನೋರ್" ಎಂದು ಬದಲಾಯಿಸಿದರೆ ಆಯಿತು. ಹ್ಯಾಶ್ ಉಳಿದರೆ ನೀವು ಬರೆದಿದ್ದನ್ನು ಅದು ಓದುವುದೇ ಇಲ್ಲ. ಆಮೇಲೆ ಲಾಗಿನ್‌ಡಿಯನ್ನು ಮಾತ್ರ ರೀಸ್ಟಾರ್ಟ್ ಮಾಡಲು ಹೋಗಬೇಡಿ. ತೆರೆದಿರುವ ಸೆಷನ್ ಕೈಕೊಡಬಹುದು. ಕೆಲಸ ಸೇವ್ ಮಾಡಿ, ಮಷೀನನ್ನೇ ರೀಬೂಟ್ ಮಾಡಿ.

ಲಿನಕ್ಸ್‌ನಲ್ಲಿ ಇನ್ನೊಂದು ಸಣ್ಣ ಎಡವಟ್ಟು ಉಂಟು. ಡೆಸ್ಕ್‌ಟಾಪ್ ಸೆಟ್ಟಿಂಗ್ ನಿಮ್ಮ ಲಾಗಿನ್‌ಗೆ ಸೇರಿದ್ದು. ನೀವು ಇನ್ನೂ ಪಾಸ್‌ವರ್ಡ್ ಹಾಕದೆ ಲಾಗಿನ್ ಸ್ಕ್ರೀನ್‌ನಲ್ಲೇ ಇದ್ದಾಗ ನಿಮ್ಮ ಪವರ್ ಮ್ಯಾನೇಜರ್ ಇನ್ನೂ ಹುಟ್ಟೇ ಇರುವುದಿಲ್ಲ. ಅಲ್ಲಿ ಚಂದ್ರನನ್ನು ಒತ್ತಿದರೆ ಲ್ಯಾಪ್‌ಟಾಪ್ ಮಲಗಬಹುದು. ಅದು ಕೆಟ್ಟಿಲ್ಲ, ನಿಮ್ಮ ಮಾತು ಇನ್ನೂ ಅದಕ್ಕೆ ಮುಟ್ಟಿಲ್ಲ.

ಮೇಷ್ಟ್ರು ಒಂದು ವಾರ ಬಿಟ್ಟು ಫೋನ್ ಮಾಡಿದರು. ಮತ್ತೆ ಪಾಠದ ಮಧ್ಯೆ ಸ್ಕ್ರೀನ್ ಕಪ್ಪಾಯಿತಂತೆ. ಹೊರಗಿನಿಂದ ಒಂದು ಹಳೇ ಕೀಬೋರ್ಡ್ ಜೋಡಿಸಿದ್ದರು. ಅದರ ಮೂಲೆಯಲ್ಲಿ ಪವರ್, ಸ್ಲೀಪ್, ವೇಕ್ ಎಂದು ಮೂರು ಕೀ. ಸ್ಲೀಪ್‌ಗೆ ನಾನು ಹಾಕಿದ ಸೆಟ್ಟಿಂಗ್ ಈ ಕೀಬೋರ್ಡ್‌ಗೂ ನಡೆಯುತ್ತಿತ್ತು. ಈ ಸಲ ಬೆರಳು ತಾಗಿದ್ದು ಪಕ್ಕದ ಪವರ್ ಕೀಗೆ.