ಹಾರುವ ತಟ್ಟೆಗಳ ತನಿಖೆಗೆ ನಿಂತ ಖಗೋಳ ವಿಜ್ಞಾನಿ

ಆಕಾಶದಲ್ಲಿ ವಿಚಿತ್ರ ಬೆಳಕು ಕಂಡೆ ಎಂದು ಯಾರಾದರೂ ಹೇಳಿದರೆ, ಅದು ಏನಿರಬಹುದು ಎಂದು ನಾನು ತಕ್ಷಣ ಊಹಿಸಲು ಹೋಗುವುದಿಲ್ಲ. ಯಾವ ದಿಕ್ಕಿನಲ್ಲಿ ಕಂಡಿತು, ದಿಗಂತದಿಂದ ಎಷ್ಟು ಮೇಲಿತ್ತು, ಎಷ್ಟು ಹೊತ್ತು ಇತ್ತು, ಹೇಗೆ ಮರೆಯಾಯಿತು ಎಂದು ಕೇಳುತ್ತೇನೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ ಜಾಗವನ್ನು ಮುಚ್ಚುತ್ತದೆ. ಆ ಅಳತೆಯಲ್ಲಿ ಎತ್ತರವನ್ನು ಯಾರು ಬೇಕಾದರೂ ಹೇಳಬಲ್ಲರು. ‘ಅರ್ಧ ಕಿಲೋಮೀಟರ್ ದೂರದಲ್ಲಿತ್ತು’ ಎಂದರೆ ಬರೆದುಕೊಳ್ಳುತ್ತೇನೆ, ಆದರೆ ನೆಚ್ಚಿಕೊಳ್ಳುವುದಿಲ್ಲ. ಕತ್ತಲಲ್ಲಿ ಒಂಟಿ ಬೆಳಕಿನ ದೂರವನ್ನು ಅಂದಾಜಿಸಲು ಕಣ್ಣಿಗೆ ಯಾವ ಆಧಾರವೂ ಸಿಗುವುದಿಲ್ಲ. ಓಡುವ ಕಾರಿನಿಂದ ನೋಡಿದರೆ ಶುಕ್ರ ಗ್ರಹವೂ ಬೆನ್ನು ಹತ್ತಿದಂತೆ ಕಾಣುತ್ತದೆ. ಎವೆಯಿಕ್ಕದೆ ದಿಟ್ಟಿಸಿದರೆ ನಿಂತ ನಕ್ಷತ್ರವೂ ಅಲುಗಾಡುತ್ತದೆ.

ಇಂತಹ ವಿಚಾರಣೆಯನ್ನು ಒಂದು ಶಿಸ್ತಾಗಿ ಬೆಳೆಸಿದವರು ಅಮೆರಿಕದ ಜೆ. ಅಲೆನ್ ಹೈನೆಕ್. 1910ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು. 1935ರಲ್ಲಿ ಯರ್ಕ್ಸ್ ವೀಕ್ಷಣಾಲಯದಲ್ಲಿ ಸಂಶೋಧನೆ ಮುಗಿಸಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ನಕ್ಷತ್ರಗಳ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿ ಓದುವುದು ಅವರ ಕಸುಬು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರೋಹಿತವನ್ನು ಓದುವವನಿಗೆ ಬೆಳಕೇ ಸಾಕ್ಷಿ. ಅದು ಛಾಯಾಚಿತ್ರದ ಫಲಕದ ಮೇಲೆ ಅಚ್ಚಾಗಿರುತ್ತದೆ, ಬೇಕಾದಾಗ ಮತ್ತೆ ಅಳೆಯಬಹುದು. ಹಾರುವ ತಟ್ಟೆಗಳ ವಿಷಯದಲ್ಲಿ ಹೈನೆಕ್ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಜನರ ಮಾತು ಮಾತ್ರ.

1947ರ ಜೂನ್ 24ರಂದು ಮೌಂಟ್ ರೇನಿಯರ್ ಬಳಿ ಒಂಬತ್ತು ವಸ್ತುಗಳು ಹಾರಿದ್ದನ್ನು ಕಂಡೆನೆಂದು ಪೈಲಟ್ ಕೆನೆತ್ ಆರ್ನಾಲ್ಡ್ ಹೇಳಿದ ಮೇಲೆ ವರದಿಗಳ ಸುರಿಮಳೆಯಾಯಿತು. ಮರುವರ್ಷ ವಾಯುಪಡೆ ಹೈನೆಕ್ ಅವರನ್ನು ಸಲಹೆಗಾರರನ್ನಾಗಿ ಕರೆಯಿತು. ಯಾವ ವರದಿ ಗ್ರಹದ್ದು, ಯಾವುದು ಉಲ್ಕೆಯದು ಎಂದು ಬೇರ್ಪಡಿಸುವ ಕೆಲಸ. ಆಗ ಅವರು ಈ ಇಡೀ ಗದ್ದಲ ನಾಲ್ಕು ದಿನದ್ದು ಎಂದೇ ನಂಬಿದ್ದರು. ಆ ಧೋರಣೆಯ ಬೆಲೆ ಮ್ಯಾಂಟೆಲ್ ಪ್ರಕರಣದಲ್ಲಿ ಕಾಣುತ್ತದೆ. 1948ರ ಜನವರಿ 7ರಂದು ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ ವಿಮಾನ ಅಪಘಾತದಲ್ಲಿ ಸತ್ತರು. ಅವರು ಕಂಡದ್ದು ಶುಕ್ರ ಇರಬಹುದು ಎಂದು ಹೈನೆಕ್ ಹೇಳಿದರು. ಶುಕ್ರ ಆ ದಿಕ್ಕಿನಲ್ಲಿ ಇತ್ತು, ನಿಜ. ಆದರೆ ನಡುಹಗಲಿನಲ್ಲಿ ಶುಕ್ರ ಹುಡುಕಿದರೂ ಸಿಗದಷ್ಟು ಸಣ್ಣ ಬಿಳಿ ಚುಕ್ಕಿ. ಅದನ್ನು ಭಾರೀ ಗಾತ್ರದ ವಸ್ತು ಎಂದು ಯಾವ ಪೈಲಟ್ ಬಣ್ಣಿಸಿಯಾನು? ಆಗ ಗುಟ್ಟಾಗಿದ್ದ, ಬಹಳ ಎತ್ತರಕ್ಕೆ ಏರುವ ಸ್ಕೈಹುಕ್ ಬಲೂನನ್ನು ಮ್ಯಾಂಟೆಲ್ ಅಟ್ಟಿಸಿಕೊಂಡು ಹೋಗಿರಬೇಕು ಎಂಬುದೇ ನಂತರ ಹೆಚ್ಚಿನವರು ಒಪ್ಪಿದ ವಿವರಣೆ. ವಿವರಣೆ ಸಾಧಾರಣವೇ, ಆದರೆ ಮೊದಲು ಕೈಗೆ ಸಿಕ್ಕಿದ್ದು ಅದಲ್ಲ.

1952ರಲ್ಲಿ ಹೈನೆಕ್ ನಲವತ್ತಕ್ಕೂ ಹೆಚ್ಚು ಖಗೋಳ ವಿಜ್ಞಾನಿಗಳನ್ನು ಭೇಟಿಯಾಗಿ ಮಾತನಾಡಿಸಿದರು. ತಮಗೂ ಅರ್ಥವಾಗದ್ದನ್ನು ಆಕಾಶದಲ್ಲಿ ಕಂಡವರು ಅವರಲ್ಲೂ ಇದ್ದರು. ಹೆಸರು ಕೆಟ್ಟೀತೆಂಬ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಮರುವರ್ಷ ಅಮೆರಿಕದ ದ್ಯುತಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಹೈನೆಕ್, ಗೇಲಿ ಮಾಡುವುದು ವೈಜ್ಞಾನಿಕ ವಿಧಾನದ ಭಾಗವಲ್ಲ ಎಂದು ಬರೆದರು. ಗೇಲಿಗೆ ಹೆದರಿದ ಸಾಕ್ಷಿ ಮನೆಯಲ್ಲೇ ಉಳಿಯುತ್ತಾನೆ. ಎಚ್ಚರದಿಂದ ನೋಡಿದವನು ಸುಮ್ಮನಾಗಿ, ಉತ್ಸಾಹಿಗಳು ಮಾತ್ರ ಮುಂದೆ ಬರುತ್ತಾರೆ. ನಮ್ಮ ದತ್ತಾಂಶ ಕೆಡುವುದು ಅಲ್ಲಿಂದಲೇ.

ಹೈನೆಕ್ ಬದುಕಿನ ತಿರುವು 1966ರ ಮಾರ್ಚ್. ಮಿಷಿಗನ್ ರಾಜ್ಯದ ಡೆಕ್ಸ್ಟರ್ ಬಳಿಯ ಜೌಗಿನಲ್ಲಿ ಒಂದು ಕುಟುಂಬ, ಮರುರಾತ್ರಿ ಹಿಲ್ಸ್‌ಡೇಲ್ ಕಾಲೇಜಿನ ಹತ್ತಾರು ವಿದ್ಯಾರ್ಥಿನಿಯರು ಬೆಳಕುಗಳನ್ನು ಕಂಡರು. ವಾಯುಪಡೆ ಹೈನೆಕ್ ಅವರನ್ನು ಅಲ್ಲಿಗೆ ಕಳಿಸಿ, ಕೆಲವೇ ದಿನಗಳಲ್ಲಿ ಡೆಟ್ರಾಯಿಟ್‌ನಲ್ಲಿ ಪತ್ರಿಕಾಗೋಷ್ಠಿಗೆ ಕೂರಿಸಿತು. ಪೊಲೀಸ್ ಅಧಿಕಾರಿಯೊಬ್ಬರು ತೆಗೆದಿದ್ದ ಫೋಟೊದಲ್ಲಿದ್ದ ಗೆರೆಗಳು ಉದಯಿಸುತ್ತಿದ್ದ ಚಂದ್ರ ಮತ್ತು ಶುಕ್ರ ಎಳೆದ ಜಾಡುಗಳು ಎಂದು ಅವರು ಸರಿಯಾಗಿಯೇ ಗುರುತಿಸಿದರು. ಜೌಗಿನ ಬೆಳಕುಗಳ ಬಗ್ಗೆ, ಕೊಳೆತ ಸಸ್ಯಗಳಿಂದ ಹೊಮ್ಮುವ ಅನಿಲ ಹೊತ್ತಿಕೊಂಡದ್ದಿರಬಹುದು ಎಂದರು. ಈ ಎರಡು ಪ್ರಕರಣಗಳಿಗೆ ಮಾತ್ರ ಅನ್ವಯಿಸುವ ಸಾಧ್ಯತೆ ಎಂದೂ ಸೇರಿಸಿದರು. ಪತ್ರಿಕೆಗಳಲ್ಲಿ ಉಳಿದದ್ದು ‘ಜೌಗಿನ ಅನಿಲ’ ಒಂದೇ. ದೇಶವೆಲ್ಲ ನಕ್ಕಿತು, ಕಂಡವರು ಸಿಡಿದರು. ಮಿಷಿಗನ್‌ನ ಪ್ರತಿನಿಧಿ ಜೆರಾಲ್ಡ್ ಫೋರ್ಡ್ ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ತನಿಖೆ ಮುಗಿಯುವ ಮೊದಲೇ ಉತ್ತರ ಬೇಕೆಂದು ಕೂತವರ ಮುಂದೆ ವಿಜ್ಞಾನಿಯನ್ನು ನಿಲ್ಲಿಸಿದರೆ ಹೀಗೇ ಆಗುತ್ತದೆ. ನನ್ನ ಮಟ್ಟಿಗೆ ಅಲ್ಲಿ ಸೋತದ್ದು ಅನಿಲದ ಸಿದ್ಧಾಂತವಲ್ಲ, ಅವಸರ.

ಇಂಥ ವರದಿಗಳನ್ನು ತನಿಖೆ ಮಾಡುತ್ತಿದ್ದ ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1969ರ ಡಿಸೆಂಬರ್‌ನಲ್ಲಿ ಮುಚ್ಚಿತು. ದಾಖಲಾದ 12,618 ವರದಿಗಳಲ್ಲಿ 701 ವಿವರಣೆಯಿಲ್ಲದೆ ಉಳಿದವು. ಈ 701ನ್ನು ಹಿಡಿದು ಅನ್ಯಗ್ರಹ ಜೀವಿಗಳ ಪುರಾವೆ ಎನ್ನುವವರಿದ್ದಾರೆ. ಹಾಗಲ್ಲ, ವಿವರಣೆ ಸಿಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಹೈನೆಕ್ ಇದನ್ನು ಬಲ್ಲವರು. 1972ರ ಪುಸ್ತಕದಲ್ಲಿ ಅವರು ಪ್ರತಿ ವರದಿಗೂ ಎರಡು ಅಂಕ ಕೊಡುವ ಕ್ರಮ ತಂದರು: ಘಟನೆ ಎಷ್ಟು ವಿಚಿತ್ರ, ಹೇಳಿದವರನ್ನು ಎಷ್ಟು ನಂಬಬಹುದು. ಒಬ್ಬನೇ ಸಾಕ್ಷಿಯಿದ್ದರೆ ಎರಡನೆಯ ಅಂಕಕ್ಕೆ ಮಿತಿ ಹಾಕಿದರು. ರಾತ್ರಿಯ ಬೆಳಕು, ಹಗಲಿನ ತಟ್ಟೆ, ರೇಡಾರ್ ಮತ್ತು ಕಣ್ಣು ಎರಡಕ್ಕೂ ಕಂಡದ್ದು, ಬಳಿಕ ಮೂರು ಬಗೆಯ ನಿಕಟ ಮುಖಾಮುಖಿ ಎಂಬ ವರ್ಗೀಕರಣವೂ ಅಲ್ಲಿಯದೇ. ಸ್ಪೀಲ್‌ಬರ್ಗ್ 1977ರ ತಮ್ಮ ಚಿತ್ರಕ್ಕೆ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಎಂಬ ಹೆಸರು ತೆಗೆದುಕೊಂಡದ್ದು ಆ ಮೂರನೆಯದರಿಂದ. ಜನಕ್ಕೆ ಗೊತ್ತಿರುವುದು ಅದಷ್ಟೇ, ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಆ ಎರಡು ಅಂಕಗಳು.

1973ರಲ್ಲಿ ಅವರು ಯುಎಫ್‌ಒ (ಗುರುತು ಸಿಗದ ಹಾರುವ ವಸ್ತು) ಅಧ್ಯಯನ ಕೇಂದ್ರ ಕಟ್ಟಿದರು. 1986ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರ ಯೋಚನೆ ಅತೀಂದ್ರಿಯದ ಕಡೆಗೆ, ಬೇರೆ ಆಯಾಮಗಳ ಕಡೆಗೆ ವಾಲಿತು. ಅಲ್ಲಿ ನಾನು ಅವರ ಜೊತೆಗಿಲ್ಲ. ತಿಳಿಯದ ಒಂದನ್ನು ತಿಳಿಯದ ಇನ್ನೊಂದರಿಂದ ವಿವರಿಸಿದರೆ ಅಳೆಯಲು ಏನೂ ಉಳಿಯುವುದಿಲ್ಲ.

ಅಳತೆಯ ಮಹತ್ವ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1956ರಿಂದ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದಲ್ಲಿ ಕೃತಕ ಉಪಗ್ರಹಗಳ ಜಾಡು ಹಿಡಿಯುವ ಕೆಲಸವನ್ನು ಅವರೇ ನೋಡಿಕೊಂಡಿದ್ದರು; ಅದರ ಬೇಕರ್-ನನ್ ಕ್ಯಾಮರಾಗಳಲ್ಲಿ ಒಂದು ನಮ್ಮ ನೈನಿತಾಲ್‌ನಲ್ಲಿತ್ತು. ಸ್ಪುಟ್ನಿಕ್ ಯಾವಾಗ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಬಹುದು, ಕ್ಯಾಮರಾ ತಿರುಗಿಸಿ ಕಾಯಬಹುದು. ಹೇಳದೆ ಬಂದು ಹೋಗುವ ಬೆಳಕಿಗೆ ಆ ಉಪಾಯ ನಡೆಯುವುದಿಲ್ಲ. ಇಂಥ ವರದಿಗಳ ಬಗ್ಗೆ 2023ರಲ್ಲಿ ನಾಸಾದ ಹದಿನಾರು ಮಂದಿಯ ಸಮಿತಿ ಬೆಟ್ಟು ಮಾಡಿದ್ದೂ ಇದನ್ನೇ: ಅನ್ಯಗ್ರಹದ ಮೂಲಕ್ಕೆ ಪುರಾವೆ ಕಂಡಿಲ್ಲ, ಇರುವ ದತ್ತಾಂಶ ಕಳಪೆ, ಹಾಸ್ಯಾಸ್ಪದರಾಗುವ ಅಂಜಿಕೆ ಇಂದಿಗೂ ವರದಿಗಳನ್ನು ತಡೆಯುತ್ತಿದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ತೆಳುವಾದ ಗ್ರೇಟಿಂಗ್ ಹಾಳೆಯನ್ನು ಈಗ ಮೊಬೈಲ್ ಕ್ಯಾಮರಾದ ಮುಂದೆ ಹಿಡಿಯಬಹುದು. ಬೆಳಕು ಗ್ರಹದ್ದಾದರೆ ಪಟ್ಟಿ ಕೆಂಪಿನಿಂದ ನೇರಳೆಯವರೆಗೆ ಎಡೆಬಿಡದೆ ಹರಡುತ್ತದೆ. ಸೋಡಿಯಂ ದೀಪದ್ದಾದರೆ ಹಳದಿಯಲ್ಲಿ ಎದ್ದು ಕಾಣುತ್ತದೆ. ವಿಚಿತ್ರ ಬೆಳಕಿನ ಅಂಥ ಒಂದು ಚಿತ್ರ, ಜೊತೆಗೆ ಸಮಯ ಮತ್ತು ದಿಕ್ಕು ಬರೆದ ಚೀಟಿ ನನ್ನ ಮೇಜಿಗೆ ಬಂದರೆ ಅಂದೇ ಕೆಲಸ ಶುರು ಮಾಡುತ್ತೇನೆ.