ಒಳಕಿವಿಯಲ್ಲಿ ಸ್ಟೀರಾಯ್ಡ್ ಮಾಡುವ ಕೆಲಸ ಯಾವುದು?

ಬೆಳಿಗ್ಗೆ ಏಳುವಾಗ ಒಂದು ಕಿವಿ ಕಟ್ಟಿಕೊಂಡಿರುತ್ತದೆ, ಒಳಗೆ ಗುಂಯ್‌ಗುಡುತ್ತದೆ. ಶೀತವೋ ಗುಗ್ಗೆಯೋ ಇರಬೇಕೆಂದು ಎಣ್ಣೆ ಬಿಟ್ಟುಕೊಂಡು ಕಾಯುವ ದಿನಗಳೇ ದುಬಾರಿ. 512 ಹರ್ಟ್ಸ್‌ನ ಶ್ರುತಿಕವೆಯನ್ನು (ಮೀಟಿದರೆ ಒಂದೇ ಸ್ವರ ಹೊರಡಿಸುವ ಲೋಹದ ಕವಲು) ಮೀಟಿ ಹಣೆಯ ನಡುವೆ ಇಟ್ಟರೆ, ಗುಗ್ಗೆ ಕಟ್ಟಿದ್ದಾಗ ಸದ್ದು ಕಟ್ಟಿದ ಕಿವಿಗೇ ಜೋರು. ಒಳಕಿವಿ ಸೋತಿದ್ದಾಗ ಒಳ್ಳೆಯ ಕಿವಿಗೆ ಜೋರು. ಎರಡನೆಯದಾದರೆ ಅದು ಒಳಕಿವಿಯ ದಿಢೀರ್ ಕಿವುಡು ಇರಬಹುದು, ತಡಮಾಡದೆ ಆಡಿಯೋಗ್ರಾಂ, ಅಂದರೆ ಶ್ರವಣದ ಅಳತೆ, ಆಗಬೇಕು. ಆಮೇಲೆ ಸಾಮಾನ್ಯವಾಗಿ ಬರೆಯುವ ಔಷಧ ಸ್ಟೀರಾಯ್ಡ್.

ಈ ರೂಢಿಗೆ ಬುನಾದಿ 1980ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಸ್ಟೀರಾಯ್ಡ್ ಪಡೆದವರಲ್ಲಿ 61% ಮಂದಿ ಚೇತರಿಸಿಕೊಂಡರು, ಹುಸಿಮಾತ್ರೆ ಪಡೆದವರಲ್ಲಿ 32%. ಗುಂಪು ಚಿಕ್ಕದಿತ್ತು, ಆದರೂ ಆ ಮಾತೇ ಊರ್ಜಿತವಾಯಿತು. 1948ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸಂಧಿವಾತ ಇಳಿಸಿದ್ದನ್ನು ಬಲ್ಲವರಿಗೆ, ಕಿವಿಯಲ್ಲೂ ಇಳಿಯುತ್ತಿರುವುದು ಉರಿಯೂತವೇ ಎನಿಸಿದ್ದು ಸಹಜ.

ಆ ವಿವರಣೆ ಅರ್ಧ ಸರಿ. ಸ್ಟೀರಾಯ್ಡ್ ಜೀವಕೋಶದೊಳಗೆ ನುಸುಳಿ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವನ್ನು ಹಿಡಿಯುತ್ತದೆ. ಆ ಜೋಡಿ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯ ಗೊತ್ತಾದ ತಾಣಗಳಲ್ಲಿ ಕೂತು ಕೆಲವು ಜೀನ್‌ಗಳನ್ನು ಚುರುಕಾಗಿಸುತ್ತದೆ. ಉರಿಯೂತ ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ತಡೆದು ಉರಿಯೂತದ ಜೀನ್‌ಗಳನ್ನು ಅಡಗಿಸುತ್ತದೆ. ಆದರೆ ಒಳಕಿವಿಯಲ್ಲಿ ಮೈಯ ಲವಣ ಸಮತೋಲನ ನೋಡಿಕೊಳ್ಳುವ ಹಾರ್ಮೋನ್ ಅಲ್ಡೋಸ್ಟೆರೋನ್‌ನ ಮಿನರಲೋಕಾರ್ಟಿಕಾಯ್ಡ್ ಗ್ರಾಹಕವೂ ಇದೆ, ಮತ್ತು ಇಲ್ಲಿ ಕೊಡುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಅದನ್ನೂ ಹಿಡಿಯುತ್ತದೆ. ಒಳಕಿವಿಯ ಶಂಖದಂಥ ಭಾಗ ಕಾಕ್ಲಿಯಾದ ಗೋಡೆಯ ಸ್ಟ್ರೈಯಾ ವ್ಯಾಸ್ಕ್ಯುಲಾರಿಸ್ ಎಂಬ ಪಟ್ಟಿ ಪೊಟ್ಯಾಸಿಯಂ ಎತ್ತಿಹಾಕಿ, ಒಳದ್ರವವನ್ನು ಸುಮಾರು 80 ಮಿಲಿವೋಲ್ಟ್ ಧನ ವಿಭವದಲ್ಲಿ ಇಟ್ಟಿರುತ್ತದೆ. ಸದ್ದು ಗ್ರಹಿಸುವ ಕೂದಲುಕೋಶಗಳು ಕೇಳುವುದು ಆ ಬ್ಯಾಟರಿಯ ಬಲದಿಂದ. ಪಂಪು ಸೋತರೆ ಕೋಶ ಬದುಕಿದ್ದೂ ಕಿವಿ ಕೇಳದು.

ಅಮೆರಿಕದ ಆರೆಗನ್‌ನ ಸಂಶೋಧಕ ಡೆನಿಸ್ ಟ್ರೂನ್ ತಂಡ ಇದನ್ನೇ ಬೆನ್ನಟ್ಟಿತು. ಸ್ವರಕ್ಷಣಾ ರೋಗದಿಂದ ಕಿವುಡಾಗುವ ಇಲಿಗಳಿಗೆ ಉರಿಯೂತ ಇಳಿಸದ ಅಲ್ಡೋಸ್ಟೆರೋನ್ ಕೊಟ್ಟರೂ ಶ್ರವಣ ಸುಧಾರಿಸಿತು. 2006ರ ವರದಿ ಇನ್ನೂ ನೇರ: ಸ್ಪೈರೊನೊಲ್ಯಾಕ್ಟೋನ್‌ನಿಂದ ಮಿನರಲೋಕಾರ್ಟಿಕಾಯ್ಡ್ ಗ್ರಾಹಕಕ್ಕೆ ಅಡ್ಡ ಹಾಕಿದಾಗ ಪ್ರೆಡ್ನಿಸೊಲೋನ್‌ನ ಫಲವೂ ಹೋಯಿತು. 2015ರಲ್ಲಿ ಸ್ಟೀರಾಯ್ಡನ್ನು ಇಲಿಯ ಮಧ್ಯಕಿವಿಗೇ ಬಿಟ್ಟು ಜೀನ್‌ಗಳನ್ನು ಅಳೆದಾಗ, ಉರಿಯೂತ ಅಡಗಿದ್ದಕ್ಕಿಂತ ಲವಣ ಸಮತೋಲನದ ಜೀನ್‌ಗಳು ಏರಿದ್ದೇ ಎದ್ದು ಕಂಡಿತು. ನಮ್ಮ ಮಟ್ಟಿಗೆ ಈ ಇಡೀ ಕಥೆಯ ತಿರುವು ಇದೇ.

ಚಿಕಿತ್ಸೆಯ ಲೆಕ್ಕ ಹೀಗೆ: ಪ್ರೆಡ್ನಿಸೊಲೋನ್ ದಿನಕ್ಕೆ ಕೆಜಿಗೆ 1 ಮಿಗ್ರಾಂ, ಹೆಚ್ಚೆಂದರೆ 60 ಮಿಗ್ರಾಂ, ಆರಂಭ ಎರಡು ವಾರದೊಳಗೆ. 2024ರಲ್ಲಿ ಪ್ರಕಟವಾದ ಜರ್ಮನ್ ಪ್ರಯೋಗದಲ್ಲಿ ಐದು ದಿನ 250 ಮಿಗ್ರಾಂ ರಕ್ತನಾಳಕ್ಕೆ ಏರಿಸಿದರೂ 60 ಮಿಗ್ರಾಂ ಮಾತ್ರೆಗಿಂತ ಹೆಚ್ಚು ಗುಣ ಸಿಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು. ಮಾತ್ರೆ ಫಲಿಸದಿದ್ದರೆ ಎರಡರಿಂದ ಆರು ವಾರದ ನಡುವೆ ಕಿವಿತಮಟೆಯ ಮೂಲಕ ಚುಚ್ಚುಮದ್ದು. ಸಕ್ಕರೆ ಕಾಯಿಲೆಯವರಿಗೆ ಮೊದಲೇ ಇದನ್ನು ಯೋಚಿಸುವುದುಂಟು, ಏಕೆಂದರೆ ರಕ್ತಕ್ಕೆ ಸೇರುವ ಮದ್ದು ಕಡಿಮೆ.

ಸೂಜಿ ತಮಟೆಯ ಹಿಂಭಾಗದ ಕೆಳಮೂಲೆಯಲ್ಲಿ ಇಳಿಯುತ್ತದೆ, ಸುಮಾರು ಅರ್ಧ ಮಿಲಿಲೀಟರ್. ಮದ್ದು ಮೈಬಿಸಿಗೆ ಬಂದಿರಬೇಕು. ತಣ್ಣಗಿದ್ದರೆ ತಲೆ ಗಿರ್ರೆನ್ನುತ್ತದೆ. ಆ ಕಿವಿ ಮೇಲಾಗಿ 20–30 ನಿಮಿಷ ಮಲಗಿರಬೇಕು. ಮಾತಾಡಿದರೆ, ನುಂಗಿದರೆ ಮೂಗಿನ ಹಿಂದಿನ ನಾಳ ತೆರೆದು ಮದ್ದು ಗಂಟಲಿಗೆ ಜಾರುತ್ತದೆ. ಬಾಯಿ ಕಹಿಯಾದರೆ ಅಷ್ಟು ಮದ್ದು ಮಧ್ಯಕಿವಿಯಿಂದ ಒಳಕ್ಕೆ ನುಸುಳುವ ಕಾಕ್ಲಿಯಾದ ಕಿಟಕಿಗೆ ತಲುಪಲಿಲ್ಲ ಎಂದೇ ಅರ್ಥ.