ಅಂಗಡಿ ಖಾಲಿ ಮಾಡ್ಸೋ ಕೇಸಿನ್ಯಾಗ ನಷ್ಟದ ಲೆಕ್ಕಾ ತಿದ್ದೂದು ಹೆಂಗ

ಖಡೇ ಬಜಾರ್ ಕಡೆ ಒಂದು ಅಂಗಡಿ ಬಾಡಗಿ ಕೊಟ್ಟಿದ್ದ ರಿಟೈರ್ಡ್ ಮಾಸ್ತರೊಬ್ರು ಮಳಿಗಾಲದಾಗ ಆಫೀಸಿಗೆ ಬಂದು ಟೇಬಲ್ ಮ್ಯಾಲ ಶಟರಿನ ಕೀಲಿ ಇಟ್ರು. "ವಕೀಲ್ರ, ಅಂವ ಖಾಲಿ ಮಾಡಿ ಹೋದ, ಆದ್ರ ಒಳಗ ಹೋದ್ರ ಎದಿ ಒಡದಂಗ ಆಗತೈತಿ ನೋಡ್ರಿ" ಅಂತ ಮೊಬೈಲ್ ತೋರ್ಸಿದ್ರು. ವಾಯರಿಂಗ್ ಕಿತ್ಕೊಂಡು ಹೋಗ್ಯಾರ, ಶಹಾಬಾದ ಫರಸಿ ಒಡದಾವು, ಗ್ವಾಡಿ ತುಂಬ ಡ್ರಿಲ್ ಹೊಡದ ತೂತು, ಮ್ಯಾಲ ಹೆಸ್ಕಾಂ ಕರೆಂಟ್ ಬಿಲ್ ಬ್ಯಾರೆ ಬಾಕಿ.

ಅಂಗಡಿ ಖಾಲಿ ಮಾಡ್ಸಾಕ ಮೊದಲ ಹಾಕಿದ್ದ ದಾವಾ ತಗದು ನೋಡಿದ್ರ ಕೊನಿಗೆ ಒಂದ ಸಾಲು, "ನಷ್ಟ ಪರಿಹಾರ ಅಂತ 2,00,000 ರೂಪಾಯಿ ಕೊಡಸಬೇಕು". ಯಾವುದರ ನಷ್ಟ, ಎಂದಿನಿಂದ, ಯಾವ ಲೆಕ್ಕದಾಗ, ಏನೂ ಇಲ್ಲ. ಮಾಸ್ತರು ಕೇಳಿದ್ದು "2 ಲಕ್ಷಾನ 5 ಲಕ್ಷ ಮಾಡ್ರಿ" ಅಂತ. ಬೆಳಗಾವಿ ಕೋರ್ಟಿನ್ಯಾಗ ಇಂಥಾ ದಾವಾ ನಾ ಭಾಳ ನೋಡೀನಿ, ಅಂಕಿ ಅಷ್ಟ ತಿದ್ದಾಕ ಐಎ, ಅಂದ್ರ ನಡಕ ಹಾಕೋ ಮಧ್ಯಂತರ ಅರ್ಜಿ, ಹಾಕ್ತಾರ, ಅದು ಪಾಸಾದ್ರೂ ಕೊನಿಗೆ ಸಾಬೀತು ಮಾಡಾಕ ಕೈಯಾಗ ಏನೂ ಇರೂದಿಲ್ಲ.

ನಷ್ಟ ಅನ್ನೂದು ಇಲ್ಲಿ ಒಂದಲ್ಲ, ಮೂರು. ಕರಾರು ಜಾರಿ ಇದ್ದಾಗಿನ ಬಾಡಗಿ ಬಾಕಿ ಒಂದು, ಇದಕ್ಕ ಆಯಾ ತಿಂಗಳ ಬಾಡಗಿ ಬಾಕಿ ಬಿದ್ದ ದಿನದಿಂದ 3 ವರ್ಷದ ಲಿಮಿಟೇಷನ್ (ಕೋರ್ಟಿಗೆ ಹೋಗಾಕ ಇರೋ ಗಡುವು), ಅದನ್ನ ದಾಟಿದ ತಿಂಗಳನ್ನ ತಿದ್ದುಪಡಿಯಾಗ ತುರುಕಿದ್ರ ಎದುರಿನ ವಕೀಲ್ರು ಹಿಡಿಯೋದು ಮೊದ್ಲ ಅದನ್ನ. ಎರಡನೇದು ನೋಟಿಸ್ ಅವಧಿ ಮುಗದ ಮ್ಯಾಲೂ ಜಾಗ ಬಿಡದ ಕುಂತಿದ್ದಕ್ಕ ಕೊಡಬೇಕಾದ್ದು, ಕೋರ್ಟ್ ಭಾಷೆದಾಗ ಮೀನ್ ಪ್ರಾಫಿಟ್ಸ್. ಮೂರನೇದು ಜಾಗಕ್ಕ ಮಾಡಿದ ಹಾನಿ, ಸವದಿದ್ದು ಹಳೇದಾಗಿದ್ದು ಬಿಟ್ಟು ಕೆಡಸಿದ್ದಕ್ಕಷ್ಟ.

ಎರಡನೇದರಾಗ ಮಂದಿ ಭಾಳ ಎಡವತಾರ. ಮಾಸ್ತರ ಕರಾರಿನ ಬಾಡಗಿ 18,000, ಬಾಜೂಕಿನ ಅಷ್ಟ ಅಳತಿ ಅಂಗಡಿಗೆ 30,000, ಅಂವ ನೋಟಿಸ್ ಮುಗದ ಮ್ಯಾಲ ಕುಂತಿದ್ದು 14 ತಿಂಗಳು. ಅಂದ್ರ 4,20,000 ಆತು, ಅದರಾಗ ಅಂವ ಕೋರ್ಟಿನ್ಯಾಗ ಕಟ್ಟಿದ್ದು 2,52,000 ಕಳದ್ರ ಉಳಿಯೋದು 1,68,000. ಬಾಡಗಿದಾರ ತನ್ನ ರೊಕ್ಕಾ ಹಾಕಿ ಮಾಡಿಸಿದ ಸುಧಾರಣೆಯಿಂದ ಬಾಡಗಿ ಏರಿದ್ರ ಆ ಏರಿಕೆ ಮಾಲೀಕರ ಲೆಕ್ಕಕ್ಕ ಬರೂದಿಲ್ಲ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 2(12) ಅದನ್ನ ಬಿಚ್ಚಿ ಹೇಳತೈತಿ. ಇನ್ನೂ ಖಾಲಿ ಮಾಡಿಲ್ಲ ಅಂದ್ರ ತಿಂಗಳಾ ತಿಂಗಳಾ ತಿದ್ದುಪಡಿ ಬ್ಯಾಡ, ಅದೇ ಸಿಪಿಸಿಯ ಆರ್ಡರ್ 20 ರೂಲ್ 12ರ ಪ್ರಕಾರ ವಿಚಾರಣೆ ಮಾಡಿ ಕೊಡಸ್ರಿ ಅಂತ ದಾವಾದ ಕೊನೀ ಪ್ರಾರ್ಥನೆಯಾಗ ಕೇಳಿದ್ರ ಸಾಕು. ಆದ್ರ ಫರಸಿ ಒಡದಿದ್ದು ಆ ವಿಚಾರಣೆಯಾಗ ಬರೂದಿಲ್ಲ, ಅದನ್ನ ದಾವಾದಾಗ ಬರೀಲೇಬೇಕು, ಅದಕ್ಕ ತಿದ್ದುಪಡಿ ಬೇಕಾಗೋದು.

ತಿದ್ದುಪಡಿ ಆರ್ಡರ್ 6 ರೂಲ್ 17ರ ಕೆಳಗ. 2002ರಿಂದ ಅದಕ್ಕ ಒಂದು ಗಂಟು ಬಿದ್ದೈತಿ, ಟ್ರಯಲ್ ಶುರು ಆದ ಮ್ಯಾಲ ಕೇಳಿದ್ರ "ಎಚ್ಚರಿಕೆಯಿಂದ ಇದ್ರೂ ಮೊದಲ ಕೇಳಾಕ ಆಗ್ತಿರಲಿಲ್ಲ" ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ನಮ್ಮ ಕೇಸಿನ್ಯಾಗ ಮಾಸ್ತರ ಚೀಫ್ ಅಫಿಡವಿಟ್ (ಸಾಕ್ಷಿ ಹೇಳಿಕೆಯ ಪ್ರಮಾಣಪತ್ರ) ಆಗ್ಲೇ ಹಾಕಿ ಆಗಿತ್ತು, ಅಂದ್ರ ಟ್ರಯಲ್ ಶುರು ಆಗಿತ್ತು, ಆದ್ರ ಕೀಲಿ ಕೈಗೆ ಬಂದಿದ್ದು ಅದಾದ ಮ್ಯಾಲ, ಶಟರ್ ಎತ್ತೋ ತನಕ ಒಳಗ ಏನಾಗೇತಿ ಅಂತ ಯಾರಿಗೆ ಗೊತ್ತಿರತೈತಿ? ಅದನ್ನ ತಾರೀಖು ಸಮೇತ ಬರದ್ವಿ, ಕೀಲಿ ಯಾವತ್ತು ಬಂತು, ಫೋಟೋ ಯಾವತ್ತು ತಗದ್ವಿ, ರಿಪೇರಿ ಎಸ್ಟಿಮೇಟ್ ಯಾವತ್ತು ಬಂತು. "ವಾದಿ ವಯಸ್ಸಾದವರು, ಮೊದಲಿನ ವಕೀಲರು ಬಿಟ್ಟಾರ" ಅನ್ನೋ ಅಫಿಡವಿಟ್ ಮ್ಯಾಲ ನನಗ ನಂಬಿಕಿ ಇಲ್ಲ. 1957ರ ಲೀಚ್ ಕಂಪನಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಲಿಮಿಟೇಷನ್ ಮುಗದ ಮ್ಯಾಲೂ ನಷ್ಟದ ತಿದ್ದುಪಡಿಗೆ ಒಪ್ಪಿಗಿ ಕೊಟ್ಟೈತಿ ಖರೆ, ಆದ್ರ ಅದನ್ನ ನೆಚ್ಕೊಂಡು ಯಾರೂ ತಡಾ ಮಾಡಬ್ಯಾಡ್ರಿ.

ಇನ್ನೊಂದು ಮಾತು, ಬಾಡಗಿದಾರನ ಡಿಪಾಜಿಟ್ 1 ಲಕ್ಷ ನಮ್ಮ ಕಡೇನ ಐತಿ ಅಂತ ನಾವ ಬರದ್ವಿ. ಮಾಸ್ತರಿಗೆ ಮೊದಲ ಸರಿ ಅನಿಸಲಿಲ್ಲ, "ಅಂವ ಕೇಳಿದಾಗ ನೋಡೂಣಲ್ರಿ" ಅಂದ್ರು. ನಾ ಒಪ್ಪಲಿಲ್ಲ, ಮುಚ್ಚಿಟ್ಟಿದ್ದು ಪಾಟೀ ಸವಾಲಿನ್ಯಾಗ ಹೊರಗ ಬಿದ್ರ ಉಳದ ಲೆಕ್ಕಾನೂ ಯಾರೂ ನಂಬೂದಿಲ್ಲ.

ಎದುರಿನವರು "ಹೊಸಾ ದಾವಾ ಹಾಕಲಿ" ಅಂತ ತಕರಾರು ಮಾಡಿದ್ರು, ಜಡ್ಜ್ ಸಾಹೇಬ್ರು ನಮ್ಮ ಮ್ಯಾಲ ಖರ್ಚು ಹಾಕಿ ಐಎ ಮಂಜೂರು ಮಾಡಿದ್ರು. ಮಂಜೂರಾದ ಕೂಡ್ಲೆ ಕೆಲಸ ಮುಗೀಲಿಲ್ಲ, ಕೋರ್ಟ್ ಟೈಮ್ ಕೊಟ್ಟಿರಲಿಲ್ಲಂದ್ರ 14 ದಿನದಾಗ ದಾವಾ ತಿದ್ದಬೇಕು, ಇಲ್ಲಂದ್ರ ಮತ್ತ ಕೋರ್ಟಿನ ಪರವಾನಗಿ ಬೇಕು. ಏರಿದ ಮೊತ್ತಕ್ಕ ಕೋರ್ಟ್ ಫೀನೂ ಕಟ್ಟಬೇಕು. ನಾವು ಐದನೇ ದಿನಕ್ಕ ತಿದ್ದಿದ ಪ್ರತಿ ಹಾಕಿದ್ವಿ, ಜೋಡಿಗೆ ಜಾಗ ನೋಡಿ ವರದಿ ಕೊಡಾಕ ಕೋರ್ಟ್ ಕಮಿಷನರ್ ನೇಮಸ್ರಿ ಅಂತ ಅರ್ಜಿನೂ ಕೊಟ್ವಿ, ಅಲ್ಲೀತನಕ ಫರಸಿ ಮುಟ್ಟಬ್ಯಾಡ್ರಿ ಅಂತ ಮಾಸ್ತರಿಗೆ ಹೇಳಿ ಕೀಲಿ ವಾಪಸ್ ಕೊಟ್ಟೆ.